ಅಂಕವಿಲ್ಲದ ಚಿತ್ರ, ತಿದ್ದುವವರಿಲ್ಲದ ತಾಳ

ಮಾತು ಬಾರದ ಮಗುವೊಂದು ಡ್ರಮ್ ಅನ್ನು ಮನಬಂದಂತೆ ಬಡಿಯುತ್ತಿದೆ. ಪಕ್ಕದಲ್ಲಿ ಪಿಯಾನೊ ಮುಂದೆ ಕುಳಿತ ಚಿಕಿತ್ಸಕರು ತಾಳ ತಪ್ಪಿತೆಂದು ತಿದ್ದುವುದಿಲ್ಲ. ಆ ಬಡಿತದ ವೇಗವನ್ನೇ ಹಿಡಿದು ನುಡಿಸತೊಡಗುತ್ತಾರೆ. ಮಗು ಜೋರು ಮಾಡಿದರೆ ಪಿಯಾನೊ ಕೂಡ ಜೋರಾಗುತ್ತದೆ, ಮಗು ಕೈ ಎತ್ತಿ ನಿಂತರೆ ಅದೂ ನಿಲ್ಲುತ್ತದೆ. ತನ್ನ ಕೈಗೂ ಆ ನಾದಕ್ಕೂ ಏನೋ ನಂಟಿದೆ ಎಂದು ಒಂದು ಕ್ಷಣದಲ್ಲಿ ಮಗುವಿಗೆ ಹೊಳೆಯುತ್ತದೆ. ಆಗ ಅದು ಬೇಕೆಂದೇ ನಿಲ್ಲಿಸಿ, ಎದುರಿನವರು ಏನು ಮಾಡುತ್ತಾರೆಂದು ಕಾಯುತ್ತದೆ. ಮಾತಿಲ್ಲದ ಈ ಸಂಭಾಷಣೆಯನ್ನು ಅಮೆರಿಕದ ಸಂಗೀತ ಸಂಯೋಜಕ ಪಾಲ್ ನಾರ್ಡಾಫ್ ಮತ್ತು ಇಂಗ್ಲೆಂಡಿನ ಶಿಕ್ಷಕ ಕ್ಲೈವ್ ರಾಬಿನ್ಸ್ 1959ರಿಂದ ಒಂದು ಚಿಕಿತ್ಸಾ ವಿಧಾನವಾಗಿ ಬೆಳೆಸಿದರು.

ಸೃಜನಶೀಲ ಕಲಾ ಚಿಕಿತ್ಸೆ ಎಂದರೆ ಮುಖ್ಯವಾಗಿ ಚಿತ್ರಕಲೆ, ಸಂಗೀತ, ನೃತ್ಯ ಮತ್ತು ನಾಟಕಗಳ ಮೂಲಕ ನಡೆಯುವ ಚಿಕಿತ್ಸೆ. ಇವೆಲ್ಲ ಶಾಲೆಯಲ್ಲಿ ಮೊದಲೇ ಇವೆಯಲ್ಲ, ಹೊಸದೇನು ಎಂದು ಯಾರಾದರೂ ಕೇಳಬಹುದು. ಚಿತ್ರಕಲೆಯ ತರಗತಿಯಲ್ಲಿ ಮಗು ಬಣ್ಣ ಬೆರೆಸುವುದನ್ನು ಕಲಿಯುತ್ತದೆ, ಚಿತ್ರಕ್ಕೆ ಅಂಕ ಬೀಳುತ್ತದೆ, ಚೆನ್ನಾಗಿದ್ದರೆ ಅದು ಗೋಡೆಯನ್ನೂ ಏರುತ್ತದೆ. ಚಿಕಿತ್ಸೆಯ ಕೋಣೆಯಲ್ಲಾದರೋ, ಬಿಡಿಸಿದ್ದನ್ನು ಮಗು ಮರುಕ್ಷಣವೇ ಹರಿದುಹಾಕಿದರೂ ಆ ಹೊತ್ತು ವ್ಯರ್ಥವಾಗುವುದಿಲ್ಲ. ಕಲೆಯಲ್ಲೂ ಮನಶ್ಶಾಸ್ತ್ರದಲ್ಲೂ ತರಬೇತಿ ಪಡೆದ ಚಿಕಿತ್ಸಕರು ಗಮನಿಸುತ್ತಿರುವುದು ಮಗು ಎಲ್ಲಿ ತಡೆದು ನಿಂತಿತು, ಏನನ್ನು ಅಳಿಸಿತು, ಯಾವಾಗ ಸಹಾಯಕ್ಕೆ ಕರೆಯಿತು ಎಂಬುದನ್ನು.

‘ಆರ್ಟ್ ಥೆರಪಿ’ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಕ್ಷಯರೋಗದಿಂದ ಚೇತರಿಸಿಕೊಂಡ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ ಆದ್ದರಿಂದ, ಇದು ಆಸ್ಪತ್ರೆಯಿಂದ ಶಾಲೆಗೆ ಬಂದ ವಿದ್ಯೆ ಎಂದು ತೋರುವುದು ಸಹಜ. ಆದರೆ ಇದರ ಬೇರುಗಳು ಪಾಠದ ಕೋಣೆಯಲ್ಲೂ ಇವೆ. ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರನ್ನು ನಾಜಿಗಳು 1942ರ ಡಿಸೆಂಬರ್‌ನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಗೆಟ್ಟೊಗೆ ಸಾಗಿಸಿದರು. ಹಸಿವು, ರೋಗ, ಸಾವುಗಳ ನಡುವೆ ಆಕೆ ಅಲ್ಲಿನ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸಿದರು. ಪ್ರತಿ ಹಾಳೆಯ ಮೇಲೂ ಮಗು ತನ್ನ ಹೆಸರು ಬರೆಯುವಂತೆ ನೋಡಿಕೊಂಡರು. 1944ರ ಅಕ್ಟೋಬರ್‌ನಲ್ಲಿ ಆಕೆಯನ್ನು ಆಷ್‌ವಿಟ್ಸ್‌ನಲ್ಲಿ ಕೊಲ್ಲಲಾಯಿತು. ಎರಡು ಪೆಟ್ಟಿಗೆಗಳಲ್ಲಿ ಉಳಿದಿದ್ದ ಸುಮಾರು 4,500 ಚಿತ್ರಗಳು ಈಗ ಪ್ರಾಗ್ ನಗರದ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ, ಬಿಡಿಸಿದ ಮಕ್ಕಳಲ್ಲಿ ಬಹುಪಾಲು ಮಂದಿ ಉಳಿಯಲಿಲ್ಲ. ಯುದ್ಧಕ್ಕೆ ಮೊದಲು ಪ್ರಾಗ್‌ನಲ್ಲಿ ಆಕೆಗೆ ನೆರವಾಗಿದ್ದ ಶಿಷ್ಯೆ ಈಡಿತ್ ಕ್ರೇಮರ್, ಮುಂದೆ ಅಮೆರಿಕಕ್ಕೆ ಹೋಗಿ 1950ರ ದಶಕದಲ್ಲಿ ತೊಂದರೆಗೊಳಗಾದ ಹುಡುಗರ ವಸತಿಶಾಲೆಯೊಂದರಲ್ಲಿ ಇದೇ ಕೆಲಸವನ್ನು ಮುಂದುವರಿಸಿದರು.

ಮಗುವಿನ ಕೈಗೆ ಯಾವ ಸಾಮಗ್ರಿ ಕೊಡುವುದು ಎಂಬುದೂ ಇಲ್ಲಿ ಚಿಕಿತ್ಸೆಯ ಭಾಗವೇ. ಪೆನ್ಸಿಲ್ ಹೇಳಿದಂತೆ ಕೇಳುತ್ತದೆ, ಎಳೆದ ಗೆರೆ ಎಳೆದಲ್ಲೇ ಇರುತ್ತದೆ. ಒದ್ದೆ ಹಾಳೆಯ ಮೇಲೆ ಬಿದ್ದ ಜಲವರ್ಣ ತನ್ನಷ್ಟಕ್ಕೆ ಹರಡುತ್ತದೆ. ಗಟ್ಟಿಯಾಗಿ ಬಿಗಿದುಕೊಂಡಿರುವ ಮಗುವಿಗೆ ಆ ಹರಡುವಿಕೆ ನಿಧಾನವಾಗಿ ಸಡಿಲವಾಗುವ ಅವಕಾಶ ಕೊಡಬಹುದು, ಈಗಾಗಲೇ ಒಳಗೆ ಎಲ್ಲವೂ ಚೆಲ್ಲಾಪಿಲ್ಲಿಯಾಗಿರುವ ಮಗುವನ್ನು ಇನ್ನಷ್ಟು ಕಂಗೆಡಿಸಲೂಬಹುದು. ಜೇಡಿಮಣ್ಣು ಬೇರೆಯೇ ರೀತಿಯದು: ಗುದ್ದಿದರೆ ಗುದ್ದಿಸಿಕೊಳ್ಳುತ್ತದೆ, ಬೆರಳಿನ ಗುರುತನ್ನು ಹಿಡಿದಿಟ್ಟುಕೊಳ್ಳುತ್ತದೆ, ಮತ್ತೆ ಉಂಡೆ ಮಾಡಿದರೆ ಮೊದಲಿನಂತಾಗುತ್ತದೆ. ಕೋಪ ಬಂದಾಗ ಏನನ್ನಾದರೂ ಮುರಿದು ಬೈಗುಳ ತಿಂದ ಮಗುವಿಗೆ, ಮುರಿದದ್ದನ್ನು ತಾನೇ ಮತ್ತೆ ಕಟ್ಟಬಹುದೆಂಬ ಅನುಭವ ಅಂಗೈಯ ಮೂಲಕವೇ ಸಿಗುತ್ತದೆ.

ನೋವನ್ನು ಚಿತ್ರದಲ್ಲಿ ಹೊರಹಾಕಿದರೆ ಮನಸ್ಸು ಹಗುರಾಗುತ್ತದೆ ಎಂಬುದು ನಾವೆಲ್ಲ ಸುಲಭವಾಗಿ ಒಪ್ಪಿಬಿಡುವ ಮಾತು. ಮನಶ್ಶಾಸ್ತ್ರಜ್ಞರಾದ ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಮರುಯೋಚಿಸುವಂತೆ ಮಾಡುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ನಿರಾಸೆಯಾದ ಘಟನೆಯೊಂದನ್ನು ನೆನೆಯಲು ಹೇಳಿ, ಕೆಲವರಿಂದ ಅದನ್ನೇ, ಇನ್ನು ಕೆಲವರಿಂದ ಅದಕ್ಕೆ ಸಂಬಂಧವಿಲ್ಲದ ಬೇರೇನನ್ನೋ ಬಿಡಿಸಿದಾಗ, ಬೇರೆಯದನ್ನು ಬಿಡಿಸಿದವರ ಮನಸ್ಥಿತಿಯೇ ಹೆಚ್ಚು ಸುಧಾರಿಸಿತ್ತು. ಇದು ಸ್ವಲ್ಪ ಹೊತ್ತಿನ ಮನಸ್ಥಿತಿಯ ಮಾತಾದ್ದರಿಂದ, ಆಳವಾದ ಆಘಾತಕ್ಕೆ ಇದನ್ನೇ ಅನ್ವಯಿಸುವಂತಿಲ್ಲ. ಆದರೂ ‘ನಿನ್ನ ದುಃಖವನ್ನು ಬಿಡಿಸಿ ತೋರಿಸು’ ಎಂದು ಮಗುವನ್ನು ಒತ್ತಾಯಿಸುವುದು ತಪ್ಪೆಂದು ನಾನು ನಂಬಲು ಇಷ್ಟು ಸಾಕು. ಗಾಳಿಪಟವನ್ನೇ ಬಿಡಿಸುತ್ತೇನೆಂದರೆ ಬಿಡಿಸಲಿ.

ಫಲಿತಾಂಶಗಳ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಆಟಿಸಂ ಇರುವ 364 ಮಕ್ಕಳನ್ನು ಒಳಗೊಂಡು 9 ದೇಶಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂಗೀತ ಚಿಕಿತ್ಸೆಯಿಂದ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2022ರ ವಿಮರ್ಶೆ, ಒಟ್ಟಾರೆ ಸುಧಾರಣೆಗೂ ಜೀವನದ ಗುಣಮಟ್ಟಕ್ಕೂ ಇದು ನೆರವಾಗುವ ಸಂಭವವಿದೆ ಎಂದಿತು. ಆದರೆ ಮಾತು ಮತ್ತು ಸಾಮಾಜಿಕ ಒಡನಾಟದಲ್ಲಿ ಸ್ಪಷ್ಟ ವ್ಯತ್ಯಾಸ ಅದಕ್ಕೂ ಸಿಗಲಿಲ್ಲ.

ಶಾಲೆಯಲ್ಲಿ ಇದನ್ನು ನಡೆಸುವಾಗ ಎದುರಾಗುವ ತೊಡಕುಗಳು ಬಹುಮಟ್ಟಿಗೆ ಶಾಲೆಯ ಸ್ವಭಾವದಿಂದಲೇ ಹುಟ್ಟುತ್ತವೆ. ಕಪ್ಪು ಬಣ್ಣ ಬಳಿದ ಚಿತ್ರ ಕಂಡೊಡನೆ ಮಗು ಖಿನ್ನವಾಗಿದೆ ಎಂದು ತೀರ್ಮಾನಿಸುವ ಚಪಲ ಒಳ್ಳೆಯ ಶಿಕ್ಷಕರಲ್ಲೂ ಇರುತ್ತದೆ. ಪೆಟ್ಟಿಗೆಯಲ್ಲಿ ಬೇರೆ ಬಣ್ಣಗಳೆಲ್ಲ ಮುಗಿದಿದ್ದಿರಬಹುದು. ಚಿತ್ರದ ಅರ್ಥವನ್ನು ಮಗುವಿನ ಬಾಯಿಂದಲೇ ಕೇಳಬೇಕು, ಅದು ಹೇಳದಿದ್ದರೆ ಸುಮ್ಮನಿರಬೇಕು. ಇನ್ನೊಂದು, ಗಂಟೆ ಬಾರಿಸುವ ವಿಷಯ: ಈಗಷ್ಟೇ ಅತ್ತ ಮಗು ಐದು ನಿಮಿಷದಲ್ಲಿ ಗಣಿತದ ತರಗತಿಯಲ್ಲಿ ಕೂರಬೇಕಾಗುತ್ತದೆ. ಅದಕ್ಕಾಗಿ ಅವಧಿಯ ಕೊನೆಯ ಹತ್ತು ನಿಮಿಷವನ್ನು ಕುಂಚ ತೊಳೆಯಲು, ಮೇಜು ಒರೆಸಲು, ಬಣ್ಣದ ಮುಚ್ಚಳ ಹಾಕಲು ಮೀಸಲಿಡುವುದು ಒಳ್ಳೆಯದು. ನೀರಿನಲ್ಲಿ ಕುಂಚದ ಬಣ್ಣ ಬಿಟ್ಟುಹೋಗುವುದನ್ನು ನೋಡುತ್ತ ಮಗುವಿನ ಉಸಿರು ಸಮಕ್ಕೆ ಬರುತ್ತದೆ. ಆಮೇಲೆ ಚಿತ್ರ ಮಗುವಿನ ಹೆಸರಿರುವ ಕಡತ ಸೇರಿ, ಬೀಗ ಹಾಕಿದ ಕಪಾಟಿನೊಳಗೆ ಹೋಗುತ್ತದೆ. ಮುಂದಿನ ವಾರ ಅದನ್ನು ಹೊರತೆಗೆಯಬೇಕೋ ಬೇಡವೋ ಎಂದು ಹೇಳುವುದು ಮಗು.