ಪುಕ್ಕಟೆ ದುಡಿಯುವ ಕಾರ್ಯದರ್ಶಿಯ ಮೇಲೂ ಕೇಸು ಬೀಳುತ್ತದೆಯೇ?

ಪ್ರಶ್ನೆ: ಉಡುಪಿಯಲ್ಲಿ ನಮ್ಮ ಬೀದಿಯ ವರ್ತಕರ ಸಂಘಕ್ಕೆ ನಾನು ಜತೆ ಕಾರ್ಯದರ್ಶಿ. ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ನಾವು ಹಾಕಿಸುವ ಕಮಾನು ಬಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆ ನನ್ನದೇ?

ಉತ್ತರ: ಆಗಬಹುದು. ಪುಕ್ಕಟೆ ಸೇವೆ ಎಂದರೆ ನ್ಯಾಯಾಲಯದಲ್ಲಿ ಒಂದಿಷ್ಟು ಕನಿಕರ ಸಿಕ್ಕೀತು, ಬಿಡುಗಡೆ ಸಿಗದು. ಲಾಭರಹಿತ ಸಂಸ್ಥೆಗಳ ಸ್ವಯಂಸೇವಕರನ್ನು ಸಾಮಾನ್ಯ ನಿರ್ಲಕ್ಷ್ಯದ ದಾವೆಗಳಿಂದ ಕಾಯಲು ಅಮೆರಿಕದಲ್ಲಿ 1997ರಿಂದ ಒಂದು ಕಾಯಿದೆಯೇ ಇದೆ, ನಮ್ಮಲ್ಲಿ ಅಂಥದ್ದಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 134ಎ ಕಲಮನ್ನು ಕೆಲವರು ನೆನಪಿಸುತ್ತಾರೆ. ಅದು ಅಪಘಾತದ ಗಾಯಾಳುವಿಗೆ ನೆರವಾದವರಿಗೆ. ಕಮಾನಿನ ತನಕ ಅದನ್ನು ಎಳೆಯಲು ಬಾರದು.

ಮೊದಲು ನೋಡಬೇಕಾದದ್ದು, ಸಂಘ ನೋಂದಣಿಯಾಗಿದೆಯೇ ಎಂದು. ಲೆಟರ್‌ಹೆಡ್, ಮೊಹರು, ರಶೀದಿ ಪುಸ್ತಕ ಎಲ್ಲ ಇದ್ದು ನೋಂದಣಿಯೇ ಇಲ್ಲದ ಸಂಘಗಳು ನಮ್ಮ ಕರಾವಳಿಯಲ್ಲಿ ಕಡಿಮೆಯೇನಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಏಳು ಜನ ಇದ್ದರೆ ಸಾಕು. ನೋಂದಣಿಯಾಗಿದ್ದರೆ ಶಾಮಿಯಾನದವನ ಬಾಕಿ ಸಂಘದ ಸಾಲ. ಇಲ್ಲವಾದರೆ ಆರ್ಡರ್ ಕೊಟ್ಟ ನೀವೇ ಅವನಿಗೆ ಸಿಗುವ ಮನುಷ್ಯ: ಯಾರ ಮೇಲೆ ದಾವೆ ಹೂಡಲು ಬಾರದೋ ಅಂಥ ಯಜಮಾನನ (ಇಲ್ಲಿ ಸಂಘದ) ಪರವಾಗಿ ಒಪ್ಪಂದ ಮಾಡಿಕೊಂಡವನೇ ಅದಕ್ಕೆ ಬದ್ಧನೆಂದು ಕರಾರು ಕಾಯಿದೆಯ 230ನೇ ಕಲಮು ಭಾವಿಸುತ್ತದೆ.

ಪೆಟ್ಟಾದಾಗ ಲೆಕ್ಕ ಬೇರೆ. ಅಲ್ಲಿ ನೋಂದಣಿಯ ಕೊಡೆ ಸೋರುತ್ತದೆ. ಹುದ್ದೆಯಲ್ಲಿದ್ದೀರಿ ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ, ನಿಜ. ಆದರೆ ಯಾರ ಅಜಾಗ್ರತೆಯಿಂದ ಅನಾಹುತವಾಯಿತೋ ಅವರು ಸಂಘದ ಜೊತೆಗೆ ಸ್ವತಃ ಪರಿಹಾರ ತೆರಬೇಕಾಗಬಹುದು. ಅಷ್ಟಮಿಯ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಗುಂಡಿ ತೋಡಿದ ಮಣ್ಣು ಒದ್ದೆಯಾಗಿರುತ್ತದೆ. ಕಂಬ ವಾಲಿದ್ದನ್ನು ಯಾರೋ ನಿಮ್ಮ ಮೊಬೈಲಿಗೆ ಫೋಟೋ ತೆಗೆದು ಕಳಿಸಿದ್ದರು, ನೀವು 'ನಾಳೆ ನೋಡೋಣ' ಎಂದು ಉತ್ತರಿಸಿದ್ದಿರಿ ಎನ್ನಿ. ಆ ಎರಡು ಪದಗಳೇ ಸಾಕ್ಷಿ. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು. ಐದು ವರ್ಷದವರೆಗೆ ಜೈಲು. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಇದ್ದಾಗ ಇದು ಎರಡು ವರ್ಷವಿತ್ತು. ಕ್ರಿಮಿನಲ್ ಹೊಣೆಯನ್ನು ಸಂಘ ನಿಮ್ಮ ಬದಲಿಗೆ ಹೊರಲಾರದು. 'ಸದ್ಭಾವನೆಯಿಂದ ಮಾಡಿದೆ' ಎಂದರೂ ಸಾಲದು; ತಕ್ಕ ಎಚ್ಚರಿಕೆಯಿಲ್ಲದೆ ಮಾಡಿದ್ದನ್ನು ಆ ಸಂಹಿತೆ ಸದ್ಭಾವನೆ ಎಂದೇ ಕರೆಯುವುದಿಲ್ಲ.

ಆದ್ದರಿಂದ ಕಮಾನಿನ ತೀರ್ಮಾನ ನಡಾವಳಿ ಪುಸ್ತಕದಲ್ಲಿರಲಿ, ಚಹಾ ಅಂಗಡಿಯ ಮಾತಿನಲ್ಲಿ ಮುಗಿಯದಿರಲಿ. ಗುತ್ತಿಗೆ ಲಿಖಿತವಾಗಿರಲಿ. ನಗರಾಡಳಿತ, ಪೊಲೀಸ್, ದೀಪವಿದ್ದರೆ ಮೆಸ್ಕಾಂ, ಈ ಅನುಮತಿಗಳ ಪ್ರತಿ ಕಡತದಲ್ಲಿರಲಿ. ಸಂಘದ ಪರವಾಗಿ ಪ್ರಾಮಾಣಿಕವಾಗಿ ಮಾಡಿದ ಕೆಲಸದಿಂದ ನಷ್ಟವಾದರೆ ಸಂಘವೇ ತುಂಬಿಕೊಡತಕ್ಕದ್ದು ಎಂದು ಬೈಲಾದಲ್ಲಿ ಬರೆಸಿ. ಖಾತೆಯಲ್ಲಿ ಹದಿನೈದು ಸಾವಿರ ಇರುವ ಸಂಘದ ಭರವಸೆಗೆ ಹದಿನೈದು ಸಾವಿರದಷ್ಟೇ ಬೆಲೆ; ಹಾಗಾಗಿ ಕಾರ್ಯಕ್ರಮಕ್ಕೆಂದೇ ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿ, ತಾತ್ಕಾಲಿಕ ಕಟ್ಟಡವೂ ಸ್ವಯಂಸೇವಕರೂ ಅದರೊಳಗೆ ಬರುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇದೇ ಹೆಸರಿನ 1991ರ ಕಾಯಿದೆಯೊಂದಿದೆ. ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರ ಪಾಡು, ನಿಮ್ಮದಲ್ಲ.

ನೀವು ಕೇಳದ ಇನ್ನೊಂದು ಮಾತು: ಖಜಾಂಚಿ ಮುಂಬಯಿಗೆ ಹೋಗುವ ಮೊದಲು ನಿಮ್ಮಿಂದ ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಸಿಕೊಳ್ಳಲು ಬಂದರೆ ಹಾಕಬೇಡಿ. ಚೆಕ್ಕು ಅಮಾನ್ಯವಾದರೆ ಹದಿನೈದು ದಿನದೊಳಗೆ ಹಣ ಕಟ್ಟಿರೆಂಬ ನೋಟಿಸು ಸಹಿಯ ಹೆಸರು ಹುಡುಕಿಕೊಂಡು ನಿಮ್ಮ ಅಂಗಡಿಗೇ ಬರುತ್ತದೆ.