ಹಾಲುಹಲ್ಲಿನ ಸವಾರರ ಲೀಗ್

“ಸರ್, ನನ್ನ ಮಗ ಮೊದಲು ಬಂದಿದ್ದಾನೆ. ಅವನಿಗೂ ಒಂದು ಬಾಳೆಹಣ್ಣು, ಕೊನೆಗೆ ಬಂದವಳಿಗೂ ಒಂದು ಬಾಳೆಹಣ್ಣು. ಇದು ಯಾವ ನ್ಯಾಯ?”

ಮಕ್ಕಳ ಸೈಕಲ್ ಓಟ ಮುಗಿದ ಮೇಲೆ ಮೂರನೇ ತರಗತಿಯ ಹುಡುಗನ ತಂದೆ ಹೀಗೆ ಕೇಳಿದಾಗ ಬಾಳೆಯ ಚಿಪ್ಪು ನನ್ನ ಕೈಯಲ್ಲೇ ಇತ್ತು. ನಗು ಬಂದರೂ ತಡೆದುಕೊಂಡೆ. ನಾಲ್ಕು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸೈಕಲ್ ಹತ್ತಿದವನಿಗೆ ಸ್ಪರ್ಧೆ ಎಂದರೆ ಶರ್ಯತ್ತು. ಜಾತ್ರೆ ಬರುತ್ತದೆ, ಡಾಂಬರು ರಸ್ತೆಗೆ ಅಡ್ಡಲಾಗಿ ಗೆರೆ ಎಳೆಯುತ್ತಾರೆ. ಮೊದಲು ಬಂದವನಿಗೆ ನಗದು, ಎರಡನೆಯವನಿಗೆ ಅದರ ಅರ್ಧ, ಮೂರನೆಯವನಿಗೆ ಇನ್ನಷ್ಟು ಕಡಿಮೆ. ನಾಲ್ಕನೆಯವನ ಹೆಸರನ್ನು ಮೈಕಿನಲ್ಲಿ ಕರೆಯುವುದೂ ಇಲ್ಲ. ನಾನು ಬಹಳ ಸಲ ನಾಲ್ಕನೆಯವನಾಗಿ, ಕೊನೆಗೆ ತರಬೇತುದಾರನಾದೆ.

ಈ ಸೀಮೆ ದೇಶಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ಸೀಮೆ. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳು, ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆ ಎಂದರೆ ಸೈಕ್ಲಿಂಗ್ ಬಲ್ಲವರಿಗೆಲ್ಲ ಪರಿಚಿತ. ಆದರೆ ಅಲ್ಲಿಗೆ ಹೋಗುವುದು ಆಯ್ಕೆಯಾದ ಮಕ್ಕಳು. ಆಯ್ಕೆಗೆ ಮುಂಚಿನ ವಯಸ್ಸಿನಲ್ಲಿ, ಎರಡರಿಂದ ಐದನೇ ತರಗತಿಯವರೆಗೆ, ಮಕ್ಕಳು ಸೈಕಲ್ ತುಳಿಯುವುದು ಓಣಿಯಲ್ಲಿ ಮಾತ್ರ. ಆ ಮಕ್ಕಳಿಗೆಂದು ನಮ್ಮ ಊರಿನ ಶಾಲಾ ಮೈದಾನದಲ್ಲಿ ಆರು ಭಾನುವಾರಗಳ ಒಂದು ಲೀಗ್ ನಡೆಸುತ್ತೇವೆ.

ಮೊದಲ ವರ್ಷ ಅದನ್ನು ಶರ್ಯತ್ತಿನಂತೆಯೇ ನಡೆಸಿ ಕೆಡಿಸಿದೆ. ಎಲ್ಲರಿಗೂ ಒಂದೇ ಗೆರೆ, ಹತ್ತು ಸುತ್ತು, ಮೊದಲ ಮೂವರಿಗೆ ಬಹುಮಾನ. ಐದನೇ ತರಗತಿಯ ಒಬ್ಬ ಎತ್ತರದ ಹುಡುಗ ವಾರವಾರವೂ ಗೆದ್ದ. ಮೊದಲ ಭಾನುವಾರ 40ಕ್ಕೂ ಹೆಚ್ಚು ಮಕ್ಕಳಿದ್ದರು, ನಾಲ್ಕನೆಯ ಭಾನುವಾರ 14. ಬಾರದವರಲ್ಲಿ ಯಾರೂ ಬೇಸರವಾಯಿತೆಂದು ಹೇಳಲಿಲ್ಲ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳು ಅಜ್ಜಿಯ ಊರಿಗೆ ಹೋಗಿದ್ದಳು, ಮತ್ತೊಬ್ಬನ ಸೈಕಲ್ ಪಂಕ್ಚರ್. ಆ ಪಂಕ್ಚರ್ ಲೀಗ್ ಮುಗಿಯುವವರೆಗೂ ಹಾಗೆಯೇ ಉಳಿಯಿತು. ಪಂಕ್ಚರ್ ತಿದ್ದುವ ಅಂಗಡಿ ಮೈದಾನದ ಗೇಟಿನ ಎದುರಿಗೇ ಇದೆ.

ಶರ್ಯತ್ತು ಒಂದು ದಿನದ ಆಟ, ಸೋತವನು ಮನೆಗೆ ಹೋದರೂ ಅದು ನಡೆದುಬಿಡುತ್ತದೆ. ಲೀಗ್ ಎಂದರೆ ಮುಂದಿನ ವಾರ ಮತ್ತೆ ಬರಬೇಕಾದ ಆಟ. ಹಾಗಾಗಿ ನಿಯಮಗಳನ್ನು ಬರೆಯುವಾಗ ಹಿಂದಿನ ಸಾಲಿನ ಮಗುವನ್ನೇ ನೆನೆಸಿಕೊಂಡು ಬರೆಯಬೇಕು. ಗೆಲ್ಲುವ ಹುಡುಗ ನಿಯಮ ಹೇಗಿದ್ದರೂ ಬರುತ್ತಾನೆ.

ಮೊದಲನೆಯ ತೊಡಕು ವಯಸ್ಸು. ಶಾಲೆಯ ರಿಜಿಸ್ಟರಿನ ಪ್ರಕಾರ ಗುಂಪು ಮಾಡಲು ಹೋದೆ. ನಮ್ಮ ಕಡೆ ಎಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೆ ಎಂಬುದು ನಿಮಗೆ ಗೊತ್ತೇ ಇದೆ. ಮಗುವನ್ನು ಸೇರಿಸಲು ಬಂದ ತಂದೆಗೆ ತಾರೀಖು ನೆನಪಿರುತ್ತಿರಲಿಲ್ಲ, ಮುಖ್ಯೋಪಾಧ್ಯಾಯರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಳ್ಳುತ್ತಿದ್ದರು. ದಾಖಲೆಯಲ್ಲಿ ನಾನೂ ಜೂನ್ 1ರವನೇ. ಜನನ ಪ್ರಮಾಣಪತ್ರ ಬಂದ ಮೇಲೆ ಈ ರೂಢಿ ಕಡಿಮೆಯಾಗಿದೆ. ಆದರೆ ತಾರೀಖು ಸರಿಯಿದ್ದರೂ ಸಮಸ್ಯೆ ಪೂರ್ತಿ ತೀರುವುದಿಲ್ಲ. ಒಂದೇ ತರಗತಿಯ ಇಬ್ಬರು ಮಕ್ಕಳ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ಏಳು ವರ್ಷದ ಮಗುವಿಗೆ ಅದು ಬದುಕಿನ ಸುಮಾರು ಎಂಟನೇ ಒಂದು ಪಾಲು. ಆ ವಯಸ್ಸಿನಲ್ಲಿ ನಾವು ಪ್ರತಿಭೆ ಎಂದು ಚಪ್ಪಾಳೆ ತಟ್ಟುವುದು ಅನೇಕ ಸಲ ನಾಲ್ಕು ತಿಂಗಳು ಮೊದಲು ಹುಟ್ಟಿದ್ದಕ್ಕೆ.

ಜಾನುವಾರು ಜಾತ್ರೆಗಳಲ್ಲಿ ನಮ್ಮ ರೈತರು ಇದರಲ್ಲಿ ಜಾಣರು. ಹೋರಿಯ ಬಾಯಿ ತೆರೆದು ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ ನೋಡಿ ಗುಂಪು ಮಾಡುತ್ತಾರೆ. ಹಾಲುಹಲ್ಲಿನ ಕರುವನ್ನು ಎಲ್ಲ ಹಲ್ಲೂ ಬಂದು ಬಾಯಿಗೂಡಿದ ಎತ್ತಿನ ಪಕ್ಕ ನಿಲ್ಲಿಸುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ನಾವು ಕಾಗದ ನೋಡುತ್ತೇವೆ. ಈಗ ನಮ್ಮ ಲೀಗಿನಲ್ಲಿ ಗೋಡೆಯ ಮೇಲೆ ಎತ್ತರದ ಗೆರೆಗಳಿವೆ, ಜೊತೆಗೆ ಗಾಲಿಯ ಅಳತೆ ನೋಡುತ್ತೇವೆ: 16 ಇಂಚು, 20 ಇಂಚು, 24 ಇಂಚು. ಮೂರನೇ ತರಗತಿಯ ಎತ್ತರದ ಹುಡುಗಿ ಐದನೇ ತರಗತಿಯ ಕುಳ್ಳ ಹುಡುಗನೊಂದಿಗೆ ಓಡಿದರೆ ಇಬ್ಬರಿಗೂ ಬೇಸರವಿಲ್ಲ. ಪಾಲಕರಿಗೆ ಸ್ವಲ್ಪ ಇದೆ.

ಎರಡನೆಯದು ಸೈಕಲ್ಲು. ಹತ್ತಿ ತೂಗುವ ತಕ್ಕಡಿಯೊಂದನ್ನು ಕಡ ತಂದು ಮಕ್ಕಳ ಸೈಕಲ್ಲುಗಳನ್ನು ತೂಗಿ ನೋಡಿದೆವು. 20 ಇಂಚಿನ ಉಕ್ಕಿನ ಸೈಕಲ್ಲುಗಳು ಬಹುಪಾಲು 13 ಕಿಲೋ ಆಸುಪಾಸು ತೂಗಿದವು. ಎಂಟು ವರ್ಷದ ಮಗುವಿನ ತೂಕವೇ ಸುಮಾರು 25 ಕಿಲೋ. ಅಂದರೆ ಮಗು ತನ್ನ ತೂಕದ ಅರ್ಧದಷ್ಟನ್ನು ತುಳಿಯುತ್ತಿದೆ. ಅಂತರರಾಷ್ಟ್ರೀಯ ರಸ್ತೆ ಸ್ಪರ್ಧೆಗಳಲ್ಲಿ ಸೈಕಲ್ಲಿನ ಕನಿಷ್ಠ ತೂಕ 6.8 ಕಿಲೋ ಇರಬೇಕೆಂಬ ನಿಯಮವಿದೆ, ಅದನ್ನು ತುಳಿಯುವವನು 65 ಕಿಲೋದ ಗಂಡಾಳು. ಯಾರದು ಹೆಚ್ಚಿನ ಸಾಹಸ, ನೀವೇ ಹೇಳಿ.

ಹೊಸ ಸೈಕಲ್ ಕೊಳ್ಳಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಲೀಗಿನ ಹಿಂದಿನ ಸಂಜೆ ಮೈದಾನದಲ್ಲಿ ಪಾನಾ ಹಿಡಿದು ಕುಳಿತುಕೊಳ್ಳುತ್ತೇವೆ. ಕ್ಯಾರಿಯರ್, ಮುಂದಿನ ಬುಟ್ಟಿ, ಮಡ್‌ಗಾರ್ಡ್, ಸ್ಟ್ಯಾಂಡು ಬಿಚ್ಚಿದರೆ ಎರಡು ಕಿಲೋ ಹತ್ತಿರ ಇಳಿಯುತ್ತದೆ. ಸ್ಟ್ಯಾಂಡು ತೆಗೆಯುವುದು ತೂಕಕ್ಕಷ್ಟೇ ಅಲ್ಲ, ಸಡಿಲವಾದ ಸ್ಟ್ಯಾಂಡು ತಿರುವಿನಲ್ಲಿ ನೆಲಕ್ಕೆ ತಾಗಿದರೆ ಸೈಕಲ್ಲನ್ನೇ ಎತ್ತಿ ಹಾಕುತ್ತದೆ. ಚೈನ್ ಕವರ್ ಮಾತ್ರ ತೆಗೆಯಬೇಡಿ. ಲಂಗ, ಪೈಜಾಮಾ ಚೈನಿಗೆ ಸಿಕ್ಕುವುದನ್ನು ತಡೆಯುವುದು ಅದೊಂದೇ.

ಅಕ್ಕನ ಸೈಕಲ್ ತರುವ ಮಕ್ಕಳದು ಬೇರೆ ಕಥೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ ಬಂದದ್ದು ಅಕ್ಕನ ಹೆಸರಿನಲ್ಲಿ. ತಮ್ಮ ಅದನ್ನು ಸೀಟಿಗೆ ಹತ್ತದೆ ನಿಂತೇ ತುಳಿಯುತ್ತಾನೆ, ಬಾರ್ ಇದ್ದ ಸೈಕಲ್ಲಾದರೆ ಬಾರಿನ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಾನೆ. ಒಳಪೆಡಲಿನ ಸಮತೋಲನ ನೋಡಿದರೆ ನನಗೆ ಇಂದಿಗೂ ಬೆರಗು. ಆದರೆ ಸ್ಪರ್ಧೆಯ ತಿರುವಿನಲ್ಲಿ ಅದು ಅಪಾಯ. ಅಂಥವರಿಗೆಂದೇ ಎರಡು ಚಿಕ್ಕ ಸೈಕಲ್ ಇಟ್ಟುಕೊಂಡಿದ್ದೇವೆ, ಎರಡೂ ಗುಜರಿಯಿಂದ ಬಂದವು.

ನೆದರ್ಲೆಂಡ್ಸ್‌ನಲ್ಲಿ ಊರಿನ ದೊಡ್ಡ ಸ್ಪರ್ಧೆ ಆರಂಭವಾಗುವ ಮೊದಲು ಅದೇ ಬೀದಿಯಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೊಂದು ಓಟವಿರುತ್ತದೆ. ಅವರ ಭಾಷೆಯಲ್ಲಿ ಅದರ ಹೆಸರಿನ ಅರ್ಥ ‘ದಪ್ಪ ಟೈರಿನ ಓಟ’. ಶಾಲೆಗೆ ಹೋಗುವ ಸಾಮಾನ್ಯ ಸೈಕಲ್ಲೇ ಬೇಕು, ರೇಸಿಂಗ್ ಸೈಕಲ್ ತಂದರೆ ಸೇರಿಸುವುದಿಲ್ಲ. ಸೈಕಲ್ಲಿಗೇ ಹೆಸರಾದ ದೇಶವೇ ಮಕ್ಕಳಿಗೆ ಹೀಗೆ ಮಾಡುವಾಗ ನಾವು ಇಪ್ಪತ್ತೊಂದು ಗೇರಿನ ಸೈಕಲ್ಲಿಗೆ ಮರುಳಾಗಬೇಕೇ? ಗೇರಿನ ಸೈಕಲ್ ತಂದ ಮಗುವನ್ನು ನಾವು ಹಿಂದಕ್ಕೆ ಕಳಿಸುವುದಿಲ್ಲ, ಗೇರು ಮಾತ್ರ ಕಟ್ಟುತ್ತೇವೆ. ನೆಲದ ಮೇಲೆ ಸುಣ್ಣದ ಗೆರೆ, ಪೆಡಲು ನೆಟ್ಟಗೆ, ಸೈಕಲ್ಲನ್ನು ನಿಧಾನವಾಗಿ ದೂಡಬೇಕು. ಪೆಡಲು ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಗಾಲಿ ಎಷ್ಟು ದೂರ ಉರುಳಿತೆಂದು ಟೇಪು ಹಿಡಿದು ಅಳೆಯುತ್ತೇವೆ. ಮುಂದೆ 36 ಹಲ್ಲು, ಹಿಂದೆ 18 ಹಲ್ಲು ಇರುವ 20 ಇಂಚಿನ ಸೈಕಲ್ ಮೂರು ಮೀಟರಿಗಿಂತ ತುಸು ಹೆಚ್ಚು ಉರುಳುತ್ತದೆ. ಆ ಗುಂಪಿನಲ್ಲಿ ಎಲ್ಲರಿಗೂ ಅದೇ ಮಿತಿ. ಗೇರಿನ ಸೈಕಲ್ಲನ್ನು ಆ ಅಳತೆಗೆ ಹತ್ತಿರದ ಹಲ್ಲಿಗೆ ಹಾಕಿ, ಗೇರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿಬಿಡುತ್ತೇವೆ.

ಇದು ನನ್ನ ಸ್ವಂತ ಕಲ್ಪನೆಯಲ್ಲ. ಹದಿನೇಳು-ಹದಿನೆಂಟು ವರ್ಷದ ಜೂನಿಯರ್ ಸವಾರರಿಗೂ ವಿಶ್ವ ಸೈಕ್ಲಿಂಗ್ ಒಕ್ಕೂಟ ರಸ್ತೆ ಸ್ಪರ್ಧೆಯಲ್ಲಿ ಪೆಡಲಿನ ಒಂದು ಸುತ್ತಿಗೆ 7.93 ಮೀಟರಿನ ಮಿತಿ ಇಟ್ಟಿತ್ತು, ಅದನ್ನು ತೆಗೆದದ್ದು 2023ರಲ್ಲಿ. ದೊಡ್ಡವರ ಮಟ್ಟಿಗೆ ಆ ಮಿತಿ ಬೇಕೋ ಬೇಡವೋ ಎಂಬ ವಾದ ಅವರಿಗಿರಲಿ. ಎಳೆಯ ಮೊಣಕಾಲಿಗೆ ಭಾರದ ಗೇರು ಬೇಡ. ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗ ಇನ್ನೂ ಮೃದುವಾಗಿರುತ್ತದೆ. ಅಲ್ಲಿ ನೋವು ಎಂದು ಮಗು ಬೆರಳಿಟ್ಟು ತೋರಿಸಿದರೆ ಆ ವಾರ ಓಡಿಸಬೇಡಿ. ಸೀಟು ತೀರಾ ಕೆಳಗಿದೆಯೇ ಎಂದೂ ನೋಡಿ. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲೆ ಇಟ್ಟಾಗ ಕಾಲು ನೇರವಾಗಬೇಕು. ಬೆಳೆಯುವ ಮಗುವಿಗೆ ಇದನ್ನು ಆಗಾಗ ನೋಡುತ್ತಿರಬೇಕು.

ಈಗ ಓಟದ ವಿಷಯ. ಹತ್ತು ಸುತ್ತಿನ ಓಟ ಕೈಬಿಟ್ಟೆವು. ಚಿಕ್ಕ ಮಕ್ಕಳು ಹೊರಡುವುದೇ ಪೂರ್ತಿ ಬಿರುಸಿನಲ್ಲಿ, ಶಕ್ತಿ ಉಳಿಸಿಕೊಳ್ಳುವ ಲೆಕ್ಕ ಅವರಿಗಿಲ್ಲ. ಉಸಿರು ಸಾಲದಾದಾಗಲೂ ಸ್ನಾಯುಗಳು ಸ್ವಲ್ಪ ಹೊತ್ತು ಎಳೆದುಕೊಂಡು ಹೋಗುವ ಶಕ್ತಿ ದೊಡ್ಡವರಲ್ಲಿ ಇರುವಷ್ಟು ಅವರಲ್ಲಿ ಇರುವುದಿಲ್ಲ. ಆದರೆ ಚೇತರಿಸಿಕೊಳ್ಳುವುದರಲ್ಲಿ ಅವರು ನಮ್ಮನ್ನು ಮೀರಿಸುತ್ತಾರೆ. ಹತ್ತು ನಿಮಿಷ ನೆರಳಲ್ಲಿ ಕೂರಿಸಿ ನೀರು ಕೊಟ್ಟರೆ ಮತ್ತೆ ಸಿದ್ಧ. ಅದಕ್ಕೇ ನಾಲ್ಕು ನಿಮಿಷದ ಮೂರು ಓಟ ಇಡುತ್ತೇವೆ. ಸುತ್ತಿನ ಲೆಕ್ಕವಿಲ್ಲ, ನಾಲ್ಕು ನಿಮಿಷವಾದಾಗ ಗಂಟೆ ಬಾರಿಸುತ್ತೇವೆ. ಎಲ್ಲರಿಗಿಂತ ಮುಂದಿರುವವನು ಗೆರೆ ದಾಟಿದ ಮೇಲೆ ಉಳಿದವರು, ಎಷ್ಟೇ ಸುತ್ತು ಹಿಂದಿದ್ದರೂ, ಗೆರೆಗೆ ಬಂದ ಕೂಡಲೇ ಮುಗಿಸುತ್ತಾರೆ. ಇದರಿಂದ ಒಂದು ಲಾಭ: ಉಳಿದವರೆಲ್ಲ ನೀರು ಕುಡಿಯುತ್ತ ನಿಂತಿರುವಾಗ, ಊರೆಲ್ಲ ನೋಡುತ್ತಿರುವಾಗ, ಒಂದು ಮಗು ಒಂಟಿಯಾಗಿ ಕೊನೆಯ ಸುತ್ತು ಹಾಕುವ ದೃಶ್ಯ ತಪ್ಪುತ್ತದೆ. ಮೊದಲ ವರ್ಷ ಎರಡನೇ ತರಗತಿಯ ಒಬ್ಬಳು ಹಾಗೆ ಬಂದಳು. ಚಪ್ಪಾಳೆ ತಟ್ಟಿ ಹುರಿದುಂಬಿಸಿದೆವು. ಅವಳು ತಲೆ ಎತ್ತಲಿಲ್ಲ, ಗೆರೆ ದಾಟಿ ನಿಲ್ಲದೆ ಗೇಟಿನಿಂದ ಹೊರಗೆ ಹೋಗಿಬಿಟ್ಟಳು. ನಮ್ಮ ಚಪ್ಪಾಳೆಯೇ ಅವಳಿಗೆ ಹೆಚ್ಚು ಚುಚ್ಚಿತೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೂರು ಓಟಗಳ ನಡುವೆ ಒಂದು ನಿಧಾನ ಸೈಕಲ್ ಸ್ಪರ್ಧೆ ಇರುತ್ತದೆ. ಕಾಲು ಊರದೆ ಕೊನೆಗೆ ತಲುಪಿದವರೇ ಗೆದ್ದಂತೆ. ಓಟದಲ್ಲಿ ಹಿಂದೆ ಬೀಳುವ ಮಕ್ಕಳು ಇದರಲ್ಲಿ ಎಷ್ಟೋ ಸಲ ಮುಂದೆ. ಇನ್ನೊಂದು ಆಟವೂ ಇದೆ. ಸುಣ್ಣದ ಎರಡು ಗೆರೆಗಳ ನಡುವೆ ಮಗು ಹೋಗುತ್ತಿರಬೇಕು, ಹಿಂದೆ ನಿಂತ ನಾನು ಬೆರಳು ಎತ್ತುತ್ತೇನೆ, ಅದು ಹಿಂತಿರುಗಿ ನೋಡಿ ಎಷ್ಟು ಬೆರಳೆಂದು ಕೂಗಬೇಕು, ಗೆರೆ ಮುಟ್ಟಬಾರದು. ಮೊದಲ ಸಲ ಎಲ್ಲರೂ ಗೆರೆ ದಾಟುತ್ತಾರೆ, ಏಕೆಂದರೆ ತಲೆ ತಿರುಗಿದ ಕಡೆಗೆ ಹ್ಯಾಂಡಲ್ಲೂ ತಿರುಗುತ್ತದೆ. ಗುಂಪಿನಲ್ಲಿ ಬೀಳುವುದೆಲ್ಲ ಹೆಚ್ಚಾಗಿ ಹೀಗೆಯೇ. ಮುಂದಿನವನು ಪಕ್ಕಕ್ಕೆ ಸರಿಯುತ್ತಾನೆ, ಅವನ ಹಿಂದಿನ ಗಾಲಿ ನನ್ನ ಮುಂದಿನ ಗಾಲಿಗೆ ತಾಗುತ್ತದೆ, ಬೀಳುವವನು ನಾನು.

ಬೀಳುವ ಮಾತು ಬಂದದ್ದರಿಂದ ಒಂದನ್ನು ಒತ್ತಿ ಹೇಳಬೇಕು. ಹೆಲ್ಮೆಟ್ ಇಲ್ಲದೆ ನಮ್ಮಲ್ಲಿ ಯಾರೂ ಗೆರೆಗೆ ಬರುವಂತಿಲ್ಲ, ಅದು ಈಗ ಎಲ್ಲರಿಗೂ ಗೊತ್ತು. ಹ್ಯಾಂಡಲ್ಲಿನ ತುದಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಮಕ್ಕಳ ಸೈಕಲ್ಲಿನ ರಬ್ಬರ್ ಹಿಡಿ ತುದಿಯಲ್ಲಿ ಹರಿದು, ಒಳಗಿನ ಕಬ್ಬಿಣದ ಕೊಳವೆ ಬಾಯಿ ತೆರೆದುಕೊಂಡಿರುತ್ತದೆ. ಬೀಳುವಾಗ ಹ್ಯಾಂಡಲ್ ತಿರುಗಿ ಆ ತುದಿ ಹೊಟ್ಟೆಗೆ ನಾಟುತ್ತದೆ. ಎರಡನೇ ವರ್ಷ ಒಬ್ಬ ಹುಡುಗ ಹೀಗೆ ಬಿದ್ದು ನಗುತ್ತಲೇ ಎದ್ದ, ಹೊಟ್ಟೆಯ ಮೇಲೆ ರೂಪಾಯಿಯಗಲದ ಕೆಂಪು ಗುರುತು ಬಿಟ್ಟರೆ ಏನೂ ಇರಲಿಲ್ಲ. ಸಂಜೆ ವಾಂತಿ ಆರಂಭವಾಯಿತು. ಸ್ಕ್ಯಾನಿನಲ್ಲಿ ಗುಲ್ಮಕ್ಕೆ (ಸ್ಪ್ಲೀನ್) ಪೆಟ್ಟಾದದ್ದು ತಿಳಿಯಿತು, ಕೆಲವು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಚೇತರಿಸಿಕೊಂಡ. ಮಕ್ಕಳ ವೈದ್ಯರಿಗೆ ಇದು ಗೊತ್ತಿರುವ ಪೆಟ್ಟು: ಹೊರಗೆ ಚಿಕ್ಕ ಗುರುತು, ಒಳಗೆ ಯಕೃತ್ತು, ಗುಲ್ಮ ಅಥವಾ ಮೇದೋಜೀರಕ ಗ್ರಂಥಿಗೆ ಗಾಯ. ಗಂಟೆಗಳ ನಂತರ ಹೊಟ್ಟೆನೋವು, ವಾಂತಿ ಕಂಡರೆ ಕಾಯಬಾರದು, ಹ್ಯಾಂಡಲ್ ತಾಗಿತ್ತು ಎಂದು ವೈದ್ಯರಿಗೆ ಹೇಳುವುದನ್ನು ಮರೆಯಬಾರದು. ಈಗ ಹಿಡಿಯ ತುದಿ ಮುಚ್ಚಿರದ ಸೈಕಲ್ಲನ್ನು ಗೆರೆಗೆ ಬಿಡುವುದಿಲ್ಲ. ಹೊಸ ಜೋಡಿ ಹಿಡಿಗೆ ಒಂದು ಹೆಲ್ಮೆಟ್ಟಿನ ಬೆಲೆಯ ಚೂರು ಪಾಲು ಸಾಕು.

ಅಂಕಗಳ ವಿಷಯದಲ್ಲಿ ನಾನು ಇನ್ನೂ ಪೂರ್ತಿ ತೀರ್ಮಾನಕ್ಕೆ ಬಂದಿಲ್ಲ. ನಾರ್ವೆಯಲ್ಲಿ ಮಕ್ಕಳ ಕ್ರೀಡೆಗೆಂದೇ 1987ರಿಂದ ಪ್ರತ್ಯೇಕ ನಿಯಮಗಳಿವೆ. ಅವುಗಳ ಪ್ರಕಾರ ಹನ್ನೊಂದು ವರ್ಷಕ್ಕೆ ಮುಂಚಿನ ಮಕ್ಕಳಿಗೆ ಫಲಿತಾಂಶದ ಪಟ್ಟಿಯೇ ಇಲ್ಲ. ನನಗೆ ಅಷ್ಟು ಧೈರ್ಯವಿಲ್ಲ, ನಮ್ಮ ಮಕ್ಕಳು ಪಟ್ಟಿ ಹಾಕದಿದ್ದರೂ ಗೋಡೆಯ ಮೇಲೆ ತಾವೇ ಇದ್ದಿಲಿನಲ್ಲಿ ಬರೆಯುತ್ತಾರೆ. ನಾವು ಹಿಡಿದದ್ದು ನಡುವಿನ ದಾರಿ. ಬಂದು ಓಡಿದ್ದಕ್ಕೆ 5 ಅಂಕ, ಓಟದ ಸ್ಥಾನಕ್ಕೆ 5ರಿಂದ 1, ಆಟಗಳಿಗೆ 5. ಒಂದು ವಾರ ತಪ್ಪಿಸಿಕೊಂಡ ವೇಗದ ಹುಡುಗನಿಗಿಂತ ಆರೂ ವಾರ ಬಂದ ನಿಧಾನದವಳು ಮುಂದಿರಲು ಸಾಧ್ಯ. ಹಿಂದಿನ ಓಟದಲ್ಲಿ ಗೆದ್ದವರು ಮುಂದಿನ ಓಟದಲ್ಲಿ ಕೊನೆಯ ಸಾಲಿನಿಂದ ಹೊರಡುತ್ತಾರೆ. ವೇಗದ ಮಕ್ಕಳು ದಾಟಿ ಹೋಗುವುದನ್ನು ಕಲಿಯುವುದು ಆಗಲೇ. ಸದಾ ಮುಂದಿದ್ದವನಿಗೆ ಅದನ್ನು ಕಲಿಯುವ ಸಂದರ್ಭವೇ ಬರುವುದಿಲ್ಲ, ಹಾಸ್ಟೆಲಿಗೆ ಹೋದ ಮೇಲೆ ಅಲ್ಲಿ ಒದ್ದಾಡುತ್ತಾನೆ. ನಗದು ಬಹುಮಾನ ಬೇಡವೇ ಬೇಡ. ಒಬ್ಬ ದಾನಿಗಳು ಮೊದಲ ಸ್ಥಾನಕ್ಕೆಂದು ಹಣ ಕೊಡಲು ಬಂದಾಗ ಅದರಲ್ಲಿ ಟ್ಯೂಬು, ಬ್ರೇಕ್ ರಬ್ಬರ್ ಕೊಡಿಸಿರಿ ಎಂದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು, ಫೋಟೊಕ್ಕೆ ಟ್ಯೂಬು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಬಾಳೆಹಣ್ಣಿನ ತಂದೆಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ನಾವು ಲೀಗ್ ಇಡುವುದು ಮಳೆ ನಿಂತ ಮೇಲೆ, ನವೆಂಬರಿನಿಂದ. ಬೇಸಿಗೆಯ ಬಿಸಿಲಿಗೆ ಇಲ್ಲಿ ಮಕ್ಕಳನ್ನು ಓಡಿಸಲಾಗದು. ಆದರೆ ಮೈದಾನದ ನೆಗ್ಗಿಲು ಒಣಗಿ ಮುಳ್ಳು ಉದುರುವುದೂ ಅದೇ ಹೊತ್ತಿಗೆ. ಒಂದು ಮುಳ್ಳು ಸಾಕು, ಟೈರು, ಟ್ಯೂಬು ಎರಡನ್ನೂ ಚುಚ್ಚಿಕೊಂಡು ಹೋಗುತ್ತದೆ. ಮುಂದಿನ ಭಾನುವಾರ ಆರು ಗಂಟೆಗೇ ಬನ್ನಿ, ಸುತ್ತಿನ ದಾರಿ ಗುಡಿಸಬೇಕು ಎಂದೆ. ಬಂದರು. ತಿರುವಿನ ಹತ್ತಿರ ಬಗ್ಗಿ ಗುಡಿಸುತ್ತಿದ್ದವರು ಚಪ್ಪಲಿಗೆ ಚುಚ್ಚಿಕೊಂಡ ಮುಳ್ಳುಗಳನ್ನು ಕಿತ್ತು ಎಣಿಸಿ, “ಹನ್ನೊಂದು ಸರ್” ಎಂದು ನನಗೆ ತೋರಿಸಿದರು. ಪಕ್ಕದಲ್ಲಿ ಕಸಬರಿಗೆ ಹಿಡಿದಿದ್ದವರು ಆ ಕೊನೆಗೆ ಬಂದವಳ ತಾಯಿ.