ಒಳಗಿನ ನೋವಿಗೆ ಹೊರಗೊಂದು ರೂಪ: ಹದಿಹರೆಯದ ಫ್ಯಾಂಟಸಿ ಮತ್ತು ಸ್ವಯಂ ಹಾನಿ

ಮುಂದಿನ ಭಾನುವಾರ ವಿರಾಜಪೇಟೆಯಲ್ಲಿ ನಮ್ಮ ಓದುಗುಂಪು ಸೇರುವ ಮೊದಲು ಇದನ್ನೊಮ್ಮೆ ಓದಿಕೊಂಡು ಬನ್ನಿ.

ಸ್ವಯಂ ಹಾನಿ ಅಂದರೆ ಸಾಯುವ ಪ್ರಯತ್ನ ಅಂತಲೇ ತುಂಬ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಹಾಗಲ್ಲ. ತಡೆಯಲಾಗದ ಸಂಕಟ, ನುಂಗಿಕೊಂಡ ಸಿಟ್ಟು, ಮರಗಟ್ಟಿದ ಮನಸ್ಸು, ಇವನ್ನು ಹೇಗಾದರೂ ದಾಟಿಕೊಳ್ಳಲು ಮಕ್ಕಳು ತಮ್ಮ ಮೈಗೇ ನೋವು ಮಾಡಿಕೊಳ್ಳುತ್ತಾರೆ. ಹಾಗಂತ ಹಗುರವಾಗಿ ನೋಡುವಂತಿಲ್ಲ. ಮುಂದೆ ಆತ್ಮಹತ್ಯೆಯ ಅಪಾಯ ಇಂಥವರಲ್ಲಿ ಹೆಚ್ಚು. ‘ಎಲ್ಲರೂ ನೋಡಲಿ ಅಂತ ನಾಟಕ’ ಅನ್ನುವ ಮಾತಂತೂ ಶುದ್ಧ ತಪ್ಪು. ಹೆಚ್ಚಿನವರು ಮುಚ್ಚಿಡುತ್ತಾರೆ.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯೂ ಮುಚ್ಚಿಟ್ಟಿದ್ದಳು. ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನ ಘಮ ತುಂಬಿದ್ದ ಮಾರ್ಚ್ ಸೆಕೆಯಲ್ಲೂ ಅವಳು ಸ್ವೆಟರ್ ತೆಗೆಯಲಿಲ್ಲ. ನನಗೆ ಗೊತ್ತಾಗಿತ್ತು. ಕೇಳಲು ಮಾತು ಸಿಗಲಿಲ್ಲ. ನಾನು ಈ ವಿಷಯ ಆರಿಸಿಕೊಂಡದ್ದು ಅದಕ್ಕೇ.

ಇದಕ್ಕೆ ಫ್ಯಾಂಟಸಿಯೇ ಏಕೆ? ವಾಸ್ತವದ ಕಾದಂಬರಿ ಕೊನೆಗೆ ಗಾಯವನ್ನೇ ತೋರಿಸಬೇಕಾಗಿ ಬರುತ್ತದೆ. ಫ್ಯಾಂಟಸಿ ಒಳಗಿನ ನೋವಿಗೆ ಹೊರಗೊಂದು ಆಕಾರ ಕೊಟ್ಟು, ಅದರ ಜೊತೆ ಮಾತಾಡಿಸಬಲ್ಲದು. ಅಮೆರಿಕದ ಜ್ಯಾಕಿ ಮೋರ್ಸ್ ಕೆಸ್ಲರ್ ಅವರ ‘ರೇಜ್’ (2011) ನೋಡಿ. ತನಗೆ ತಾನೇ ಗಾಯ ಮಾಡಿಕೊಳ್ಳುವ ಮಿಸ್ಸಿ ಎಂಬ ಹುಡುಗಿ ಬೈಬಲಿನಲ್ಲಿ ಲೋಕದ ಕೊನೆಗಾಲಕ್ಕೆ ಬರುವ ನಾಲ್ವರು ಕುದುರೆ ಸವಾರರಲ್ಲಿ ಒಬ್ಬಳಾಗುತ್ತಾಳೆ; ಅವಳ ಪಾಲಿಗೆ ಬರುವುದು ‘ಯುದ್ಧ’ ಎಂಬ ಸವಾರನ ಪಾತ್ರ, ಜೊತೆಗೊಂದು ಖಡ್ಗ. ಅಲ್ಲಿವರೆಗೆ ಗುಟ್ಟಾಗಿದ್ದ ಸಿಟ್ಟು ಈಗ ಲೋಕಕ್ಕೇ ತಾಗುವ ಶಕ್ತಿ. ಅದನ್ನು ಹತೋಟಿಗೆ ತರುವುದೇ ಕಥೆ.

ಖಡ್ಗ ಅಂದಕೂಡಲೇ ನಮಗೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೋಳ್ದ್ ನೆನಪಾಗುತ್ತದೆ. ನಾಟಿಯ ದಿನಗಳಲ್ಲಿ ಕೋವಿ, ಒಡಿಕತ್ತಿಗಳನ್ನು ಕನ್ನಿಕೋಂಬರೆಯಲ್ಲಿ (ದೇವರ ಕೋಣೆಯಲ್ಲಿ) ಇಟ್ಟು, ಸೆಪ್ಟೆಂಬರ್ ಮೊದಲಲ್ಲಿ ತೋಕ್ ಪೂ (ಕೋವಿ ಹೂ) ಮುಡಿಸಿ, ಪೂಜೆ ಮಾಡಿ ಹೊರತೆಗೆಯುವುದು ನಮ್ಮ ಪದ್ಧತಿ. ಆಯುಧ ಒಳಗಿರಬೇಕಾದ ಕಾಲ ಯಾವುದು, ಹೊರಬರಬೇಕಾದ್ದು ಯಾವಾಗ ಎಂದು ಇಡೀ ಮನೆ ನೋಡಿಕೊಳ್ಳುತ್ತದೆ. ಮಿಸ್ಸಿಯ ಖಡ್ಗ ಅವಳೊಬ್ಬಳದು. ನನ್ನ ಓದಿನಲ್ಲಿ ಆ ಕಾದಂಬರಿಯ ನಡುಗಂಬ ಈ ಒಂಟಿತನ. ನೀವು ಒಪ್ಪದಿದ್ದರೆ ಭಾನುವಾರ ಹೇಳಿ.

ಈ ಪ್ರಕಾರದಲ್ಲಿ ನನ್ನನ್ನು ಕಾಡುವ ತೊಡಕೊಂದಿದೆ. ನೆತ್ತರು ಕೊಟ್ಟರೆ ಮಂತ್ರ ಫಲಿಸುವ ಕಥೆಗಳು ಬೇಕಾದಷ್ಟಿವೆ. ನೋಯುತ್ತಿರುವ ಮಗು ಅದನ್ನು ಓದಿದರೆ, ನೋವು ಶಕ್ತಿಗೆ ಕೊಡುವ ಬೆಲೆ ಎಂದೇ ತಿಳಿದೀತು. ಹಾಗಾಗಿ ಯಾವ ಪುಸ್ತಕ ಹಿಡಿದರೂ ಮೊದಲು ಕೇಳಿ: ಇಲ್ಲಿ ನೋವಿಗೆ ಬಹುಮಾನ ಸಿಗುತ್ತಿದೆಯೇ? ಹೇಗೆ ಮಾಡಿಕೊಂಡಳು ಎಂಬ ವಿವರ ಬೇಕಿತ್ತೇ? (ನನ್ನ ಪ್ರಕಾರ ಎಂದೂ ಬೇಡ.) ಒಂದೇ ಮಂತ್ರಕ್ಕೆ ಎಲ್ಲ ಮಾಯವಾಗುವ ಕೊನೆಯೂ ಸುಳ್ಳು, ನಿಜವಾದ ಚೇತರಿಕೆಯಲ್ಲಿ ಮತ್ತೆ ಜಾರುವ ದಿನಗಳಿರುತ್ತವೆ.

ಪರಿಭಾಷೆಯಲ್ಲಿ ಎರಡು ಸಾಕು. ಆತ್ಮಹತ್ಯೆಯ ಸುದ್ದಿ, ಕಥೆಗಳು ಅನುಕರಣೆಗೆ ಎಳೆಯುವುದನ್ನು 1974ರಲ್ಲಿ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ‘ವರ್ದರ್ ಪರಿಣಾಮ’ ಎಂದರು. ಹೆಸರು ಬಂದದ್ದು 1774ರ ಜರ್ಮನ್ ಕಾದಂಬರಿಯೊಂದರಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ನಾಯಕ ವರ್ದರ್‌ನಿಂದ. ಇದಕ್ಕೆ ಎದುರಾದದ್ದು ‘ಪಾಪಗೇನೊ ಪರಿಣಾಮ’, 2010ರಲ್ಲಿ ಬಳಕೆಗೆ ಬಂದ ಹೆಸರು. ಬದುಕಿನ ಬೇರೆ ದಾರಿ ತೋರಿಸುವ ಕಥನ ಜನರನ್ನು ಕಾಪಾಡಬಲ್ಲದು ಎಂಬುದು ಇದರ ತಿರುಳು. ಪಾಪಗೇನೊ ಮೊಟ್ಸಾರ್ಟನ 1791ರ ಮಾಯಾಲೋಕದ ಸಂಗೀತ ನಾಟಕದವನು. ಎಲ್ಲ ಮುಗಿಯಿತು ಅಂದುಕೊಂಡಾಗ ಮೂವರು ಹುಡುಗರು ಬಂದು ಅವನ ಕೈಯಲ್ಲೇ ಇರುವ ಮಾಯಾಗಂಟೆಯನ್ನು ನೆನಪಿಸುತ್ತಾರೆ. ಗಮನಿಸಿ, ಅದೂ ಫ್ಯಾಂಟಸಿಯೇ.

ಓದುತ್ತ ನಿಮಗೇ ಭಾರವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಗೆಳತಿಯನ್ನು ಕೊನೆಗೆ ಮಾತಾಡಿಸಿದ್ದು ಅವಳ ಚಿಕ್ಕಮ್ಮ. ಮೆಣಸು ಒಣಹಾಕಿದ್ದ ಕಣದಲ್ಲಿ ಪಕ್ಕಕ್ಕೆ ಬಂದು ಕೂತು, ‘ಸೆಕೆ ಆಗ್ತಾ ಇಲ್ವಾ ಮಗಾ?’ ಅಂದರಂತೆ. ಬೈಯಲಿಲ್ಲ, ತೋಳು ಹಿಡಿದೆಳೆಯಲಿಲ್ಲ. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರಂತೆ.